ಸೈನ್ಯಕ್ಕೊಂದು ಪೆಟ್ಟಿಗೆ

ಬಿಸ್ಕತ್ತಿನ ಡಬ್ಬಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗೇನಿದೆ ಎಂದು ಸದ್ದಿನಿಂದಲೇ ಹೇಳುವುದು ನನ್ನ ಬಾಲ್ಯದ ವಿದ್ಯೆಗಳಲ್ಲೊಂದು. ನಮ್ಮಮ್ಮ ಅಂಥ ಡಬ್ಬಿಗಳಲ್ಲಿ ಬಿಸ್ಕತ್ತೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ತುಂಬಿಡುತ್ತಿದ್ದಳು. ಅಂಗಿಯ ಗುಂಡಿಗಳಾದರೆ ತೆಳ್ಳನೆಯ ಮಳೆಯ ಸದ್ದು, ಹುಣಸೆಬೀಜವಾದರೆ ದಪ್ಪ ಹನಿಯ ಸದ್ದು, ಕೊಬ್ಬರಿಯ ಬಟ್ಟಲುಗಳಾದರೆ ಗಾಡಿಯ ಗಾಲಿ ಕಲ್ಲಿನ ಮೇಲೆ ಹೊರಳಿದಂಥ ಸದ್ದು. ಬೆಲ್ಲಕ್ಕೆ ಮಾತ್ರ ಸದ್ದಿರಲಿಲ್ಲ. ಅದು ಡಬ್ಬಿಯ ತಳಕ್ಕೆ ಅಂಟಿಕೊಂಡು ಮೌನವಾಗಿರುತ್ತಿತ್ತು. ಆದ್ದರಿಂದ ಸದ್ದು ಮಾಡದ ಡಬ್ಬಿಯನ್ನೇ ನಾವು ಮೊದಲು ತೆರೆಯುತ್ತಿದ್ದೆವು. ಮಾತಾಡದವರ ಬಳಿಯೇ ಏನಾದರೂ ಇರುತ್ತದೆ ಎಂಬ ನನ್ನ ನಂಬಿಕೆ ಹುಟ್ಟಿದ್ದು ಅಲ್ಲಿಂದಲೇ.

ಈ ವರ್ಷ ಕಾಫಿ ಗಿಡಗಳು ಹೂಮಳೆಗಾಗಿ ಬಾಯಿಬಿಟ್ಟು ಕಾಯುತ್ತಿದ್ದ ದಿನಗಳಲ್ಲಿ ಅಟ್ಟದಿಂದ ಅಂಥದೇ ಒಂದು ಡಬ್ಬಿಯನ್ನು ಇಳಿಸಿ ಅಲ್ಲಾಡಿಸಿದೆ. ಬಂದ ಸದ್ದು ನನ್ನ ವಿದ್ಯೆಯೊಳಗಿನದಲ್ಲ. ಮುಚ್ಚಳ ತೆರೆದು ನೋಡಿದರೆ ಮುರಿದ ಈಟಿಗಳು, ಕಳಚಿದ ಕುದುರೆ ಕಾಲುಗಳು. ನನ್ನ ಸೇನಾಪತಿಯ ರುಂಡ ಒಂದು ಮೂಲೆಯಲ್ಲಿ ಮುಂಡ ಇನ್ನೊಂದು ಮೂಲೆಯಲ್ಲಿ. ಹೋದ ಮಳೆಗಾಲದ ಬೂಷ್ಟು ಬೇರೆ ಹತ್ತಿ, ಹುಡುಗುಮುಖದ ಸಿಪಾಯಿಗಳಿಗೆಲ್ಲ ಬಿಳಿಯ ಗಡ್ಡ ಬಂದಿತ್ತು. ಯುದ್ಧವಿಲ್ಲದೆಯೇ ಒಂದು ಸೈನ್ಯ ಇಷ್ಟು ನಾಶವಾದದ್ದನ್ನು ಯಾವ ಶಾಸನವೂ ಹೇಳಿರಲಾರದು.

ನನ್ನ ಬಳಿ ಸೈನ್ಯವಿದೆ ಎಂದು ಹೇಳಿಕೊಳ್ಳಲು ಈ ವಯಸ್ಸಿನಲ್ಲಿ ಸ್ವಲ್ಪ ಸಂಕೋಚವಾಗುತ್ತದೆ. ಇಲ್ಲವೆನ್ನಲು ಅದಕ್ಕಿಂತ ಹೆಚ್ಚು ಸಂಕೋಚ, ಏಕೆಂದರೆ ಮನೆಗೆ ಬಂದವರೆಲ್ಲ ಅದನ್ನು ಕಂಡಿದ್ದಾರೆ. ಹೆಬ್ಬೆರಳಿನ ಎರಡು ಗೆಣ್ಣಿನಷ್ಟು ಎತ್ತರದ ಸಿಪಾಯಿಗಳು. ಸಂತೆಯಲ್ಲಿ ಪೊಟ್ಟಣಕ್ಕಿಷ್ಟೆಂದು ಮಾರುವ ಹಸಿರು ಪ್ಲಾಸ್ಟಿಕ್ ಬೊಂಬೆಗಳನ್ನು ತಂದು, ಅವುಗಳ ಕೈಯ ಬಂದೂಕನ್ನು ಕತ್ತರಿಸಿ, ನಲ್ಲಿ ಸೋರುವುದನ್ನು ನಿಲ್ಲಿಸಲು ಬಳಸುವ ಎರಡು ಬಣ್ಣದ ಹಿಟ್ಟನ್ನು ನಾದಿ ಪೇಟ ಸುತ್ತಿ, ಕೊಡವರ ನಿಲುವಂಗಿಯಾದ ಕುಪ್ಯ ತೊಡಿಸಿ, ಸೊಂಟಕ್ಕೆ ಕತ್ತಿ ಸಿಕ್ಕಿಸಿ, ಎನಾಮೆಲ್ ಬಣ್ಣ ಹಚ್ಚಿ ನಾನೇ ಮಾಡಿದವರು. ಇವರನ್ನು ಮೇಜಿನ ಮೇಲೆ ನಿಲ್ಲಿಸಿ, ಅಡಿಪಟ್ಟಿಯಿಂದ ದೂರ ಅಳೆದು, ದಾಳ ಉರುಳಿಸಿ, ಒಬ್ಬರಾದ ಮೇಲೊಬ್ಬರು ನಡೆಸುವುದು ಆಟ. ಸಮನೆಲದಲ್ಲಿ ಪೂರ್ತಿ ನಡಿಗೆ, ಕೆಸರಿನಲ್ಲಿ ಅರ್ಧ, ಏರಿನಲ್ಲಿ ಇನ್ನೂ ಕಡಿಮೆ. ಗುಜರಿ ಅಂಗಡಿಗೆ ತೂಕಕ್ಕೆ ಬಂದಿದ್ದ ಒಂದು ವಿದೇಶಿ ಮಾಸಿಕವನ್ನು ನಿಘಂಟು ಹಿಡಿದು ಓದಿ ಇದನ್ನು ಕಲಿತೆ. ಚದುರಂಗದ ದಾಯಾದಿ ಎನ್ನಬಹುದು. ಚದುರಂಗದಲ್ಲಿ ಕೆಸರಿಲ್ಲ, ಅದೊಂದೇ ಅದರ ಕೊರತೆ.

ಈ ಹುಚ್ಚು ಹಿಡಿದದ್ದಕ್ಕೆ ನನ್ನ ವೃತ್ತಿಯೇ ಕಾರಣ. ಏಳನೆಯ ತರಗತಿಗೆ ಶಾಲೆ ಬಿಟ್ಟ ನಾನು ಶನಿವಾರಸಂತೆಯಲ್ಲಿ ಬೋರ್ಡು ಬರೆಯುವವನಾಗಿದ್ದೆ. ಉಳಿದ ವಿದ್ಯೆಯೆಲ್ಲ ಏಣಿಯ ಮೇಲೆ ನಿಂತು ಕಲಿತದ್ದು. ಊರಾಚೆ ಒಂದು ಗುಡ್ಡವಿದೆ. ಅದರ ಸುತ್ತ, ಕೊಡಗಿನ ಎಷ್ಟೋ ಗುಡ್ಡಗಳಿಗಿರುವಂತೆ, ಹಳೆಯ ಕಾಲದವರು ತೋಡಿದ ಆಳವಾದ ಕಂದಕವಿದೆ. ಕಡಂಗ ಎನ್ನುತ್ತಾರೆ. ಅಲ್ಲಿ ನಡೆದ ಮಹಾಯುದ್ಧದ ಕಥೆಯನ್ನು ಗುಡ್ಡದ ಬುಡದಲ್ಲಿ ಬೋರ್ಡಿನ ಮೇಲೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೊದಲ ಸಲ ಬರೆದಾಗ ಕಡಂಗದೊಳಗೆ ನಮ್ಮವರು ನಲವತ್ತು ಮಂದಿ ಇದ್ದರು, ಹೊರಗೆ ನೂರು ಕುದುರೆ ಸವಾರರು. ಬಣ್ಣ ಮಾಸಿ ಎರಡನೆಯ ಸಲ ಬರೆಸಿದಾಗ ನಮ್ಮವರು ಇಪ್ಪತ್ತಕ್ಕಿಳಿದು ಸವಾರರು ಐನೂರಾದರು. ಮೂರನೆಯ ಸಲ ನಮ್ಮವರು ಏಳು, ಅವರು ಸಾವಿರ. ಇನ್ನೊಂದು ಸಲ ಬರೆಸಿದ್ದರೆ ಕಡಂಗದೊಳಗೆ ಯಾರೂ ಇರುತ್ತಿರಲಿಲ್ಲ, ವೈರಿಗಳು ತಾವಾಗಿಯೇ ನಾಚಿ ಹಿಂದಿರುಗುತ್ತಿದ್ದರು. ಅಷ್ಟರಲ್ಲಿ ಫ್ಲೆಕ್ಸು ಬಂದು ನನ್ನ ಕುಂಚವನ್ನೂ ಆ ಯುದ್ಧವನ್ನೂ ಒಟ್ಟಿಗೆ ನಿಲ್ಲಿಸಿತು.

ಬೋರ್ಡು ಬರೆಸುತ್ತಿದ್ದ ಸಮಿತಿಯ ಅಧ್ಯಕ್ಷರನ್ನು ಒಮ್ಮೆ ಕೇಳಿಯೇಬಿಟ್ಟಿದ್ದೆ: "ಸ್ವಾಮೀ, ಆ ಏರಿನಲ್ಲಿ ಮೇಕೆ ಹತ್ತೋದೇ ಕಷ್ಟ. ಸಾವಿರ ಕುದುರೆ ಹ್ಯಾಗೆ ಹತ್ತಿದ್ವು?"

"ರುದ್ರಣ್ಣ, ನೀನು ಅಕ್ಷರ ಬರಿ. ಕುದ್ರೆ ಹತ್ಸೋದು ನಮ್ಗೆ ಬಿಡು," ಎಂದಿದ್ದರು.

ಒಂದೇ ಗುಡ್ಡಕ್ಕೆ ಮೂರು ಇತಿಹಾಸಗಳನ್ನು ಒಂದೇ ಕೈಯಿಂದ ಬರೆದವನು ನಾಲ್ಕನೆಯದನ್ನು ಹೇಗೆ ನಂಬಬೇಕು? ಅಂದಿನಿಂದ ಯಾರು ಏನು ಹೇಳಿದರೂ, ಇದಕ್ಕೆ ಕೆಳಗೆ ಇನ್ನೆಷ್ಟು ಪದರ ಬಣ್ಣವಿದೆಯೋ ಎಂದು ಉಗುರಿನಿಂದ ಕೆರೆದು ನೋಡುವ ಚಾಳಿ ನನಗೆ ಅಂಟಿತು.

ಆ ಮೂರನೆಯ ಬೋರ್ಡಿನ ಕೆಳಗೇ ನನಗೆ ಬೋಪಯ್ಯನವರು ಸಿಕ್ಕಿದ್ದು. ಸೈನ್ಯದಿಂದ ನಿವೃತ್ತರಾಗಿ ಮಡಿಕೇರಿಯಲ್ಲಿ ನೆಲೆಸಿದ್ದ ಅವರು ಯಾವುದೋ ಮದುವೆಗೆ ಈ ಕಡೆ ಬಂದವರು, ಏಣಿಯ ಬುಡದಲ್ಲಿ ನಿಂತು ಬೋರ್ಡನ್ನು ಪೂರ್ತಿ ಓದಿ, "ಸಾವಿರ ಕುದುರೆಗೆ ಹುರುಳಿ ಎಲ್ಲಿಂದ ತಂದರು?" ಎಂದು ತಮ್ಮಷ್ಟಕ್ಕೆ ತಾವೇ ಕೇಳಿಕೊಂಡರು. ಸಂತೋಷದಿಂದ ನಾನು ಏಣಿಯಿಂದ ಬೀಳದಿದ್ದುದು ನನ್ನ ಪುಣ್ಯ. ಅವರು ಸೈನ್ಯದಲ್ಲಿದ್ದದ್ದು ಗುಂಡು ಹಾರಿಸುವ ಕಡೆಯಲ್ಲ, ಅಕ್ಕಿ ಬೇಳೆ ಒದಗಿಸುವ ಕಡೆ. "ಯುದ್ಧ ಅಂದರೆ ಎಂತ ರುದ್ರಣ್ಣನವರೇ, ಮುಕ್ಕಾಲು ಪಾಲು ಅನ್ನ, ಕಾಲು ಪಾಲು ಬೊಬ್ಬೆ," ಎಂಬುದು ಅವರ ಸಿದ್ಧಾಂತ.

ಹಾಗೆಂದು ನಾವು ಒಂದೇ ಪಕ್ಷದವರಲ್ಲ. ಹುರುಳಿಯ ಲೆಕ್ಕವೊಂದನ್ನು ಬಿಟ್ಟರೆ ಅವರಿಗೆ ಆ ಕಥೆಯಲ್ಲಿ ಪೂರ್ತಿ ವಿಶ್ವಾಸ. ನನಗೋ ಅಲ್ಲಿ ಯುದ್ಧವೇ ನಡೆದಿಲ್ಲ, ಕಡಂಗ ಬರೀ ಎಲ್ಲೆಗುರುತು ಎಂಬ ಅನುಮಾನ. ಹೀಗಾಗಿ ಆ ಯುದ್ಧವನ್ನೇ ಮೇಜಿನ ಮೇಲೆ ಪರೀಕ್ಷಿಸಲು ಶುರುಮಾಡಿದ ಆಟದಲ್ಲಿ ಅವರು ಕಡಂಗದ ಏಳು ಮಂದಿಯನ್ನು ಹಿಡಿದರು, ನನ್ನ ಪಾಲಿಗೆ ಕುದುರೆಗಳು ಬಂದವು. ಕುದುರೆ ಆ ಏರನ್ನು ಹತ್ತಲಾರದು ಎನ್ನುವವನು ನಾನು, ಹತ್ತಿಸಬೇಕಾದವನೂ ನಾನೇ. ಹತ್ತಿಸಲಾರದೆ ಸೋತರೆ, "ನೋಡಿದಿರಾ, ಏಳು ಜನ ಸಾವಿರ ಜನರನ್ನು ತಡೆದರು," ಎಂದು ಅವರು ಮೀಸೆ ತಿರುವುತ್ತಿದ್ದರು. ಹತ್ತಿಸಿ ಗೆದ್ದರೆ, "ನೋಡಿದಿರಾ, ಕುದುರೆ ಹತ್ತಿತು," ಎನ್ನುತ್ತಿದ್ದರು. ವರ್ಷಗಟ್ಟಲೆ ಆಡಿದರೂ ನನ್ನ ಸಂಶಯ ಒಂದು ದಿನವೂ ಗೆಲ್ಲಲಿಲ್ಲ. ಆದರೂ ತಿಂಗಳಿಗೊಂದು ಶನಿವಾರ ಅವರು ಬೆಳಗಿನ ಬಸ್ಸಿಗೆ ಬಂದು, ಸಂಜೆಯ ಬಸ್ಸಿಗೆ ಹಿಂದಿರುಗುವವರೆಗೆ ನಮ್ಮ ಊಟದ ಮೇಜು ರಣರಂಗವಾಗುತ್ತಿತ್ತು. ನನ್ನ ಹೆಂಡತಿ ಗಿರಿಜೆ ನಮಗೆ ಊಟವನ್ನು ಕಟ್ಟೆಯ ಮೇಲೆ ಬಡಿಸುತ್ತಿದ್ದಳು.

ಹೋದ ವರ್ಷ ಮಳೆಗಾಲದ ಆರಂಭಕ್ಕೆ ಅವರ ಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ಶನಿವಾರಗಳು ಒಂದೊಂದಾಗಿ ಖಾಲಿಯಾದವು. ಒಂದು ದಿನ ದೂರವಾಣಿಯಲ್ಲಿ ಅವರೇ, "ಇನ್ನು ಸಾಕು ಮಾರಾಯ್ರೇ. ಆ ಬೊಂಬೆಗಳನ್ನು ಯಾವುದಾದರೂ ಮಕ್ಕಳಿಗೆ ಕೊಟ್ಟುಬಿಡಿ," ಎಂದರು. ಊರೆಲ್ಲ ಬೊಂಬೆ ಎಂದಾಗಲೂ ಅವರೊಬ್ಬರು ಮಾತ್ರ ತಪ್ಪದೆ ಸಿಪಾಯಿಗಳು ಎನ್ನುತ್ತಿದ್ದವರು. ಕಾಲೇಜಿನಲ್ಲಿ ಪಾಠ ಹೇಳುವ ಅವರ ಮಗಳು ದೇಚಮ್ಮ ಫೋನು ತೆಗೆದುಕೊಂಡು ಪಕ್ಕದ ಕೋಣೆಗೆ ಹೋಗಿ, ತಗ್ಗಿದ ದನಿಯಲ್ಲಿ ಹೇಳಿದಳು: "ಡಾಕ್ಟರ್ ನಡೀರಿ ನಡೀರಿ ಅಂತಾರೆ ಅಂಕಲ್. ಇವರು ಕಿಟಕಿ ಹತ್ತಿರ ಕೂತವರು ಏಳೋದೇ ಇಲ್ಲ. ಗೇಟಿನವರೆಗೂ ಹೋಗೋದಿಲ್ಲ. ಬೀಳ್ತೇನೆ ಅಂತ ಭಯ. ಬಾಯಿಬಿಟ್ಟು ಹೇಳೋದಿಲ್ಲ ಅಷ್ಟೇ."

ಮಂಡಿ ಕುಯ್ಯಿಸಿಕೊಂಡವರು ಮತ್ತೆ ಬಸ್ಸು ಹತ್ತುವುದಿಲ್ಲ ಎಂದು ನಮ್ಮೂರಿನ ಕಟ್ಟೆಪಂಚಾಯಿತಿ ತೀರ್ಪು ಕೊಟ್ಟಿತು. ಆ ತೀರ್ಪಿನ ಕೆಳಗೂ ಉಗುರು ಹಾಕಿ ಕೆರೆಯಬೇಕೆನ್ನಿಸಿತು. ಅವರು ಬಾರದಿದ್ದರೆ ಸೈನ್ಯವೇ ಅವರ ಬಳಿ ಹೋಗಲಿ. ಬರುವ ತಿಂಗಳ ಮೊದಲ ಶನಿವಾರ ಮಡಿಕೇರಿಯಲ್ಲಿ, ಅವರ ಕಿಟಕಿಯ ಪಕ್ಕದಲ್ಲೇ ಯುದ್ಧ ನಡೆಯಲಿ ಎಂದು ನಿಶ್ಚಯಿಸಿ ಅವರಿಗೂ ಫೋನಿನಲ್ಲಿ ತಿಳಿಸಿದೆ. ಅವರೊಬ್ಬರು ಕಿಟಕಿಯಿಂದ ಈ ಕಡೆ ಮುಖ ತಿರುಗಿಸಿದರೆ ನನಗೆ ಅಷ್ಟು ಸಾಕಾಗಿತ್ತು. ಅದಕ್ಕಾಗಿಯೇ ಅಟ್ಟದಿಂದ ಡಬ್ಬಿ ಇಳಿಸಿದ್ದು. ರುಂಡಮುಂಡಗಳನ್ನೆಲ್ಲ ಅಂಟಿಸಿ, ಬೂಷ್ಟು ಒರೆಸಿ, ಹೊಸ ಬಣ್ಣ ಹಚ್ಚಿದ್ದಾಯಿತು. ಆದರೆ ಅದೇ ಡಬ್ಬಿಯಲ್ಲಿ ತುಂಬಿ ಮಡಿಕೇರಿಯ ತಿರುವುಗಳಲ್ಲಿ ಒಯ್ದರೆ ತಲುಪುವುದು ಸೈನ್ಯವಲ್ಲ, ಸೈನ್ಯದ ಚಟ್ನಿ. ಒಂದು ಪೆಟ್ಟಿಗೆ ಬೇಕಿತ್ತು, ನನ್ನ ಕೈಗೆಟುಕುವ ಬೆಲೆಯಲ್ಲಿ.

ಪೆಟ್ಟಿಗೆಯೆಂದರೆ ನಮ್ಮ ಕಾಲದವರಿಗೆ ಸಾಮಾನ್ಯ ವಿಷಯವಲ್ಲ. ನಾನು ಶಾಲೆಗೆ ಹೋಗುವಾಗ ಚೀಲಗಳಿರಲಿಲ್ಲ, ತಗಡಿನ ಪೆಟ್ಟಿಗೆಗಳಿದ್ದವು. ಮಳೆ ಬಂದರೆ ಅದೇ ಕೊಡೆ, ಜಗಳ ಬಂದರೆ ಅದೇ ಗುರಾಣಿ, ಕುಳಿತುಕೊಳ್ಳಲು ಅದೇ ಮಣೆ. ಒಳಗೆ ಪುಸ್ತಕಗಳಿಗೂ ಅಕ್ಕಿರೊಟ್ಟಿಗೂ ನಡುವೆ ಗೋಡೆಯಿರಲಿಲ್ಲವಾದ್ದರಿಂದ ನನ್ನ ಗಣಿತದ ಪುಸ್ತಕ ವರ್ಷವಿಡೀ ಹುಚ್ಚೆಳ್ಳು ಚಟ್ನಿಯ ವಾಸನೆ ಹೊಡೆಯುತ್ತಿತ್ತು. ಇಂದಿಗೂ ಭಾಗಾಕಾರ ಮಾಡುವಾಗ ಬಾಯಲ್ಲಿ ನೀರೂರುತ್ತದೆ. ಉತ್ತರ ಮಾತ್ರ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ಮೊದಲು ಮೊಬೈಲು ಅಂಗಡಿಯವನ ಬಳಿ ಹೋದೆ. ಅವನು ಪರದೆಯ ಮೇಲೆ ಬೆರಳಾಡಿಸಿ, ಇಂಥ ಸಿಪಾಯಿಗಳಿಗೆಂದೇ ತಯಾರಾದ ಪೆಟ್ಟಿಗೆಯನ್ನು ತೋರಿಸಿದ. ಒಳಗೆ ಮೆತ್ತನೆಯ ಸ್ಪಂಜು, ಒಬ್ಬೊಬ್ಬನಿಗೆ ಒಂದೊಂದು ಗೂಡು. ನಿಜವಾದ ಸಿಪಾಯಿಗಳಿಗೆ ಇಂಥ ಹಾಸಿಗೆ ಸಿಕ್ಕಿದ್ದರೆ ಯುದ್ಧಗಳೇ ಆಗುತ್ತಿರಲಿಲ್ಲ. ಬೆಲೆ ನೋಡಿದ ಅವನೇ ನನಗಿಂತ ಮೊದಲು ಬೆಚ್ಚಿ, "ಬ್ಯಾಡ ಬಿಡು ತಾತ. ಇದ್ರ ದುಡ್ಡಿಗೆ ಒಂದು ಮೇಕೆ ಬತ್ತದೆ," ಎಂದ.

ಸಂತೆಯಲ್ಲಿ ಪ್ಲಾಸ್ಟಿಕ್ ಸಾಮಾನು ಹರವಿಕೊಂಡಿದ್ದ ಕೇರಳದ ಗಡಿಯ ಮಾಕುಟ್ಟದ ಕಡೆಯ ವ್ಯಾಪಾರಿಯ ಮುಂದೆ ನಿಂತೆ.

"ಎಂತ ಇಡ್ಲಿಕ್ಕೆ ಅಜ್ಜ? ಅಕ್ಕಿಯಾ, ಸಕ್ಕರೆಯಾ?"

"ಸಿಪಾಯಿಗಳನ್ನು."

ಆತ ಕ್ಷಣಕಾಲವೂ ಅಳುಕಲಿಲ್ಲ. "ಗಾಳಿ ಹೋಗದ ಹಾಗೆ ಮುಚ್ಚಳ ಬೇಕಾ, ಗಾಳಿ ಹೋಗುವದ್ದು ಬೇಕಾ?"

"ಗಾಳಿ ಬೇಕು. ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ."

"ಗಾಳಿ ಬೇಕಾದ್ರೆ ಬುಟ್ಟಿ ತೆಗೊಳ್ಳಿ. ಸಿಪಾಯಿ ಓಡಿಹೋದ್ರೆ ಮಾತ್ರ ನನ್ನತ್ರ ಬರ್ಬೇಡಿ."

ಬುಟ್ಟಿ ತರಲಿಲ್ಲ. ಮೊಟ್ಟೆಯ ಟ್ರೇ ತಂದೆ. ಕಾಲಾಳುಗಳು ಅದರ ಕುಳಿಗಳಲ್ಲಿ ಸೊಂಟದವರೆಗೆ ಮುಳುಗಿ, ಪುಣ್ಯಸ್ನಾನಕ್ಕೆ ಇಳಿದವರಂತೆ ನೆಮ್ಮದಿಯಾಗಿ ನಿಂತರು. ಕುದುರೆಗಳು ಮಾತ್ರ ಯಾವ ಕುಳಿಗೂ ಒಗ್ಗಲಿಲ್ಲ. ಆಗ ನನ್ನ ಕಣ್ಣು ಬಿದ್ದದ್ದು ಅಡಿಗೆಮನೆಯ ಇಡ್ಲಿ ಪಾತ್ರೆಯ ಮೇಲೆ. ಒಂದರ ಮೇಲೊಂದು ತಟ್ಟೆ, ತಟ್ಟೆಗೆ ನಾಲ್ಕು ಗುಳಿ, ನಡುವೆ ಎತ್ತಲು ಹಿಡಿ. ಮನುಷ್ಯನ ಬುದ್ಧಿ ಕುದುರೆ ಸವಾರರಿಗಾಗಿ ಇದಕ್ಕಿಂತ ಒಳ್ಳೆಯದನ್ನು ಕಂಡುಹಿಡಿದಿಲ್ಲ ಎಂದುಕೊಳ್ಳುತ್ತಿರುವಾಗಲೇ ಗಿರಿಜೆ ಹಿಂದೆ ಬಂದು ನಿಂತಿದ್ದಳು.

"ಏನ್ರೀ ಇದು, ಇಡ್ಲಿ ತಟ್ಟೇಲಿ ಕುದ್ರೆ ಮಲಗವೆ?"

"ಅಳತೆ ನೋಡ್ತಾ ಇದ್ದೆ."

"ನಾಳೆ ಇಡ್ಲೀಲಿ ಬಾಲ ಸಿಕ್ಕುದ್ರೆ ನನ್ನ ಕೇಳ್‌ಬ್ಯಾಡಿ. ಅಲ್ಲ, ಬೆಣ್ಣೆ ಕೈಯಲ್ಲಿಟ್ಕಂಡು ತುಪ್ಪಕ್ಕೆ ಊರೆಲ್ಲ ತಿರುಗ್ತೀರಲ್ಲ, ಸೌದೆ ಕೊಟ್ಟಿಗೇಲಿ ಆ ಜೇನು ಪೆಟ್ಗೆ ಬಿದ್ದೈತಲ್ಲ, ಅದುಕ್ಕೇನಾಗಿತ್ತು?"

ಮದುವೆಯಾದಾಗಿನಿಂದ ಇವಳ ಮಾತುಗಳನ್ನೂ ನಾನು ಸಂಶಯದಿಂದಲೇ ಪರೀಕ್ಷಿಸುತ್ತ ಬಂದಿದ್ದೇನೆ. ಪ್ರತಿ ಸಲವೂ ಅವಳೇ ಸರಿ ಎಂದು ಸಾಬೀತಾಗಿದೆ. ಆದರೂ ವೈಜ್ಞಾನಿಕ ಮನೋಭಾವವನ್ನು ಬಿಡಬಾರದಲ್ಲ.

ಒಂದು ಕಾಲಕ್ಕೆ ನಮ್ಮ ಕಡೆ ಜೇನು ಪೆಟ್ಟಿಗೆಯಿಲ್ಲದ ಮನೆಯಿರಲಿಲ್ಲ. ಆಮೇಲೆ ಹುಳುಗಳಿಗೆ ಯಾವುದೋ ರೋಗ ಬಂದು ಪೆಟ್ಟಿಗೆಗಳೆಲ್ಲ ಬರಿದಾದವು. ಯಾರೂ ಅವನ್ನು ಬಿಸಾಡಲಿಲ್ಲ. ಒಂದು ಮನೆಯಲ್ಲಿ ಅದು ಕೋಳಿ ಕಾವು ಕೂರುವ ಜಾಗವಾಯಿತು, ಇನ್ನೊಂದು ಮನೆಯಲ್ಲಿ ಸೊಪ್ಪಿನ ಕುಂಡ. ನಮ್ಮಲ್ಲಿ ಅದರ ಮೇಲಿನ ಚಿಕ್ಕ ಕೋಣೆ ಈರುಳ್ಳಿಗೆ ಹೋಗಿ, ಕೆಳಗಿನ ದೊಡ್ಡ ಕೋಣೆ ಸೌದೆಯ ಹಿಂದೆ ಬಿದ್ದಿತ್ತು. ಹೊರತಂದು ಧೂಳು ಹೊಡೆದು ನೋಡಿದೆ. ಹಗುರವಾದ, ಬಾಗದ ಮರ. ಒಳಗೆ ಗಾಳಿಯಾಡಲು ಬಾಗಿಲು. ಜೇನುಗಳು ಮೇಣದ ಎರಿ ಕಟ್ಟುವ ಚೌಕಟ್ಟುಗಳನ್ನು ಸಾಲಾಗಿ ತೂಗುಹಾಕಲು ಗೋಡೆಯುದ್ದಕ್ಕೂ ಹಲ್ಲುಗಳು. ಆ ಚೌಕಟ್ಟುಗಳ ಬದಲು ತಗಡಿನ ಹಲಗೆಗಳನ್ನು ಇಳಿಬಿಟ್ಟರೆ?

ತಗಡಿಗೆ ನಮ್ಮ ಮನೆಯಲ್ಲಿ ಬರವಿಲ್ಲ. ಅಂಗಡಿಗಳವರು ಕಿತ್ತು ಬಿಸಾಡಿದ ನನ್ನ ಹಳೆಯ ಬೋರ್ಡುಗಳನ್ನು ಅಳತೆಗೆ ಕತ್ತರಿಸಿದೆ. ಫ್ರಿಜ್ ರಿಪೇರಿಯವನ ಅಂಗಡಿಯ ಮುಂದೆ ಹಳೆಯ ಬಾಗಿಲುಗಳ ಅಂಚಿನ ರಬ್ಬರು ರಾಶಿ ಬಿದ್ದಿತ್ತು. ಅದರೊಳಗೆ ಉದ್ದಕ್ಕೆ ಅಯಸ್ಕಾಂತದ ಪಟ್ಟಿಯಿರುತ್ತದೆ. ಒಂದು ಹಿಡಿ ಬೇಡಿ ತಂದು, ಚೂರು ಚೂರು ಮಾಡಿ, ಪ್ರತಿಯೊಬ್ಬ ಸಿಪಾಯಿಯ ಪಾದಪೀಠದಡಿ ಅಂಟಿಸಿದೆ. ತಗಡಿಗೆ ತಾಗಿಸಿದರೆ ಟಕ್ಕೆಂದು ಕಚ್ಚಿಕೊಳ್ಳುತ್ತಿದ್ದರು. ತಗಡನ್ನು ನೆಟ್ಟಗೆ ನಿಲ್ಲಿಸಿದಾಗ ಇಡೀ ಸೈನ್ಯ ಗೋಡೆಯಿಂದ ಅಡ್ಡಡ್ಡಲಾಗಿ ಚಾಚಿಕೊಂಡಿತು, ಒಬ್ಬನೂ ಬೀಳಲಿಲ್ಲ. ಕಾಲಾಳುಗಳ ಕಾಲಡಿ ಒಂದು ಬಟ್ಟೆ ಅಂಗಡಿಯ ಅರ್ಧ ಹೆಸರು, ಕುದುರೆಗಳ ಕಾಲಡಿ ದಂತವೈದ್ಯರ ಸಮಯ. ಇಷ್ಟಕ್ಕೂ ತಗುಲಿದ ಖರ್ಚು ಫ್ರಿಜ್ಜಿನವನಿಗೆ ಕುಡಿಸಿದ ಒಂದು ಕಾಫಿ.

ಬಸ್ಸಿನ ಸೀಟಿನಡಿ ಅದು ಹಿಡಿಸುತ್ತದೆಯೇ ಎಂದು ನೋಡುವ ಸಲುವಾಗಿ ತುಂಬಿದ ಪೆಟ್ಟಿಗೆಯನ್ನು ಹೊತ್ತು ಬಸ್‌ಸ್ಟ್ಯಾಂಡಿಗೆ ಹೋದೆ. ಮಡಿಕೇರಿ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡುವಷ್ಟರಲ್ಲಿ ಕಂಡಕ್ಟರು ಎರಡೂ ಕೈ ಅಡ್ಡ ಹಿಡಿದ.

"ಅಜ್ಜ, ಅಜ್ಜ! ಜೇನು ಪೆಟ್ಗೆ ಬಸ್ಸಿಗೆ ಹತ್ಸಂಗಿಲ್ಲ."

"ಇದರಲ್ಲಿ ಜೇನಿಲ್ಲಪ್ಪ. ಸಿಪಾಯಿಗಳಿದ್ದಾರೆ."

"ಸಿಪಾಯಿಗಳಾ? ಹಂಗಾದ್ರೆ ಟಿಕೆಟ್ ತಗಬೇಕಾಯ್ತದೆ."

ಮುಂದಿನ ಸೀಟಿನಲ್ಲಿದ್ದ ಹೆಂಗಸೊಬ್ಬರು ಆಗಲೇ ಸೆರಗನ್ನು ತಲೆಗೆ ಸುತ್ತಿಕೊಂಡು ಎದ್ದಿದ್ದರು. ಮುಚ್ಚಳ ತೆರೆದು ತೋರಿಸಿದ ಮೇಲೆ ಬಸ್ಸಿನವರೆಲ್ಲ ಕತ್ತು ಚಾಚಿ ನಕ್ಕರು. ಕಂಡಕ್ಟರು ಒಂದು ಕುದುರೆಯನ್ನು ಎತ್ತಿ ನೋಡಿ, "ಆಯ್ತು, ಶನಿವಾರ ತನ್ನಿ. ಒಂದೇ ಒಂದು ಹುಳ ಎದ್ರೂ ಘಾಟಿ ನಡುವೆ ಇಳ್ಸಿಬಿಡ್ತೀನಿ ನೋಡಿ," ಎಂದ. ಒಂದು ಹುಳುವೂ ಇಲ್ಲವೆಂದು ನಾನು ದೇವರ ಮೇಲೆ ಆಣೆಯಿಟ್ಟೆ. ನಾನು ಆಣೆಯಿಟ್ಟದ್ದನ್ನು ದೇವರೂ ಕೇಳಿಸಿಕೊಂಡಿರಬೇಕು.

ಹೊತ್ತು ತರುವಾಗ ತಗಡುಗಳು ಹಲ್ಲುಗಳಲ್ಲಿ ಸಿಕ್ಕಿಕೊಂಡು ಕಿರುಗುಟ್ಟುತ್ತಿದ್ದವು. ಬಡಗಿಗಳು ಬಿಗಿಯಾದ ಸೆಳೆಖಾನೆಗೆ ಮೇಣ ಹಚ್ಚುವುದು ನೆನಪಾಯಿತು. ಪೆಟ್ಟಿಗೆಯ ಮೂಲೆಯಲ್ಲೇ ಹಳೆಯ ಎರಿಯ ಒಂದು ತುಣುಕು ಒಣಗಿ ಅಂಟಿತ್ತು. ಅದನ್ನೇ ಕರಗಿಸಿ ಹಲ್ಲುಗಳಿಗೂ ಅಂಚುಗಳಿಗೂ ಚೆನ್ನಾಗಿ ಉಜ್ಜಿದೆ. ಸೌದೆ ಕೊಟ್ಟಿಗೆಯ ಮುಗ್ಗಲು ವಾಸನೆ ಹೋಗಲೆಂದು, ಕಾಲಾಳುಗಳ ತಗಡುಗಳನ್ನು ಒಳಗೇ ಬಿಟ್ಟು, ಪೆಟ್ಟಿಗೆಯನ್ನು ಜಗುಲಿಯ ಗೋಡೆಯ ಮೇಲೆ ಎಳೆಬಿಸಿಲಿಗೆ ಪೂರ್ವಕ್ಕೆ ಮುಖ ಮಾಡಿ ಇಟ್ಟೆ. ವಾರದ ಹಿಂದಷ್ಟೇ ಹೂಮಳೆ ಬಿದ್ದು, ಕಾಫಿ ತೋಟಗಳೆಲ್ಲ ಬೆಳ್ಳಗೆ ಅರಳಿ ನಿಂತಿದ್ದವು.

ಕೊಡಗಿನಲ್ಲಿ ಹುಟ್ಟಿದ ಓದುಗರು ಇಷ್ಟರಲ್ಲಿ ಹಣೆ ಚಚ್ಚಿಕೊಂಡಿರುತ್ತಾರೆ. ಮಿಕ್ಕವರಿಗಾಗಿ ಹೇಳುತ್ತೇನೆ. ಕಾಡಿನ ಜೇನನ್ನು ಮನೆಗೆ ಕರೆಯುವ ಕ್ರಮ ಇದು: ಹೂವಿನ ಕಾಲದಲ್ಲಿ ಖಾಲಿ ಪೆಟ್ಟಿಗೆಯ ಒಳಗೆ ಹಳೆಯ ಮೇಣ ಉಜ್ಜಿ, ಪೂರ್ವಕ್ಕೆ ಮುಖ ಮಾಡಿ, ಎಳೆಬಿಸಿಲು ಬೀಳುವೆಡೆ ಇಡಬೇಕು. ಜೇನು ಬೇಕೆಂದು ಅಂಗಲಾಚುವವರು ವರ್ಷಗಟ್ಟಲೆ ಇಟ್ಟರೂ ಬರುವುದಿಲ್ಲ. ಜಗತ್ತಿನ ಕಥೆಗಳನ್ನೆಲ್ಲ ಸಂಶಯಿಸುವ ನಾನು, ನನ್ನ ಕೈಗಳು ಏನು ಮಾಡುತ್ತಿವೆಯೆಂದು ಮಾತ್ರ ಒಮ್ಮೆಯೂ ಸಂಶಯಪಡಲಿಲ್ಲ.

ಶನಿವಾರ ಬೆಳಿಗ್ಗೆ ಬಸ್ಸಿಗೆ ಹೊರಟು, ಕುದುರೆಗಳ ತಗಡನ್ನು ಕೈಯಲ್ಲಿ ಹಿಡಿದು ಪೆಟ್ಟಿಗೆಯ ಬಳಿ ಹೋದರೆ, ಬಾಗಿಲಲ್ಲಿ ಕಾವಲುಗಾರರಿದ್ದರು. ನನ್ನವರಲ್ಲ. ಮುಚ್ಚಳವನ್ನು ಬೆರಳಗಲ ಎತ್ತಿ ನೋಡಿದೆ. ತುಡುವೆ ಜೇನಿನ ಒಂದು ದೊಡ್ಡ ಹಿಂಡು ಮುಚ್ಚಳದಿಂದ ದ್ರಾಕ್ಷಿಯ ಗೊಂಚಲಿನಂತೆ ಇಳಿಬಿದ್ದು, ಈಟಿಗಳ ನಡುವೆ, ಪೇಟಗಳ ಮೇಲೆ, ಬಟ್ಟೆ ಅಂಗಡಿಯ ಹೆಸರಿನ ಮೇಲೆ ಮಿಸುಕಾಡುತ್ತಿತ್ತು. ಮೆಲ್ಲಗೆ ಮುಚ್ಚಿದೆ.

ಗಿರಿಜೆ ಓಡಿಬಂದು ನೋಡಿದವಳು ಅರಿಶಿನ ಕುಂಕುಮ ತಂದಳು. "ಕರೀದೆ ಬಂದೈತೆ, ಲಕ್ಷ್ಮಿ ಇದ್ದಂಗೆ. ಓಡ್ಸೀರ, ಜ್ವಾಕೆ!"

"ನನ್ನ ಸೈನ್ಯ ಒಳಗಿದೆಯಲ್ಲೇ!"

"ಇರ್ಲಿ ಬಿಡಿ. ಇಷ್ಟು ದಿನ ಅವರೇನು ಕಡಿದು ಗುಡ್ಡೆ ಹಾಕಿದ್ರು?"

ಬಸ್ಸು ಹೋದದ್ದು ಸದ್ದಿನಿಂದಲೇ ತಿಳಿಯಿತು. ಆ ಶನಿವಾರವೂ ಖಾಲಿಯಾಗುವುದು ಖಚಿತವಾಯಿತು. ಮಡಿಕೇರಿಗೆ ಫೋನು ಮಾಡಿದೆ.

"ಎಂತ, ಬಸ್ಸು ತಪ್ಪಿತಾ?" ಬೋಪಯ್ಯನವರ ದನಿಯಲ್ಲಿ ನಿರೀಕ್ಷೆಯೂ ಇರಲಿಲ್ಲ, ನಿರಾಶೆಯೂ ಇರಲಿಲ್ಲ. "ಬಿಡಿ, ತೊಂದರೆ ತೆಗೊಳ್ಳಬೇಡಿ."

"ಬಸ್ಸು ತಪ್ಪಿಲ್ಲ. ಕಾಲಾಳುಗಳು ಸೆರೆ ಸಿಕ್ಕಿದ್ದಾರೆ."

"ಯಾರಿಗೆ?"

"ತುಡುವೆ ಜೇನಿಗೆ."

ಆ ಕಡೆ ನಗು ಶುರುವಾಯಿತು. ಮೊದಲು ಕೆಮ್ಮಿನಂತೆ, ಆಮೇಲೆ ಜೀಪು ಸ್ಟಾರ್ಟಾದಂತೆ. ಹಿಂದಿನಿಂದ ದೇಚಮ್ಮ "ಎಂತಾಯಿತು ಅಪ್ಪ, ಎಂತಾಯಿತು?" ಎಂದು ಗಾಬರಿಯಿಂದ ಕೇಳುತ್ತಿದ್ದಳು. ನಗು ನಿಂತ ಮೇಲೆ ಜೇನು ಪೆಟ್ಟಿಗೆಯ ಕಥೆ ಹೇಳಿದೆ, ಪ್ರಶ್ನೆಗಳು ಸಾಲಾಗಿ ಬಂದವು. ಯಾವಾಗ ಬಂತು? ಹಿಂಡು ಎಷ್ಟು ದೊಡ್ಡದು? ಎರಿ ಹಾಕಿದೆಯಾ? ಮೇಲಿನ ಕೋಣೆ ಇದೆಯಾ?

"ಇದೆ. ಈರುಳ್ಳಿ ಇಟ್ಟಿದ್ದೇವೆ."

"ಈರುಳ್ಳಿ ತೆಗೆಯಿರಿ ಮಾರಾಯ್ರೇ. ತೊಳೆದು ಬಿಸಿಲಿಗೆ ಇಡಿ. ಮೇಲೆ ಖಾಲಿ ಕೋಣೆ ಇಟ್ಟು ಕೆಳಗಿನಿಂದ ಬಡಿದರೆ ಜೇನೆಲ್ಲ ಮೇಲಕ್ಕೆ ಹೋಗ್ತದೆ. ನಮ್ಮಜ್ಜ ಮಾಡ್ತಿದ್ದರು."

"ನೀವು ಕಣ್ಣಿಂದ ನೋಡಿದ್ದೀರಾ?"

"ಅಜ್ಜ ಹೇಳ್ತಿದ್ದರು."

"ಅದು ಕೇಳಿದ ಮಾತು," ಎಂದೆ. "ಬಡಿದರೆ ಕೆರಳಿ ಕಚ್ಚುತ್ತವೆ. ಮೇಲಕ್ಕೆ ಯಾಕೆ ಹೋಗುತ್ತವೆ? ನಾನು ನಂಬುವುದಿಲ್ಲ."

ನನ್ನ ಸಂಶಯ ಅವರನ್ನು ಕೆರಳಿಸುವುದು ಹೊಸತಲ್ಲ. ಆದರೆ ಈ ಸಲ ಅವರ ಅಜ್ಜನನ್ನೇ ಮುಟ್ಟಿತ್ತು.

"ನೀವು ಕೈ ಹಾಕಬೇಡಿ," ಎಂದರು ಬೋಪಯ್ಯನವರು. "ನಾನು ಬಂದು ತೋರಿಸ್ತೇನೆ."

ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ ದೇಚಮ್ಮನ ಕಾರು ನಮ್ಮ ಗೇಟಿನ ಮುಂದೆ ನಿಂತಿತು. ಬೋಪಯ್ಯನವರು ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಮಗಳ ಭುಜ ಹಿಡಿದು ಇಳಿದರು. ತೆಳ್ಳಗಾಗಿದ್ದರು. ಕಾರಿಗೂ ಜಗುಲಿಗೂ ನಡುವಿನ ಅಂಗಳವನ್ನು ನೋಡಿ ಒಮ್ಮೆ ನಿಂತರು. ಏರು ನೋಡಿದ ನನ್ನ ಕುದುರೆಗಳು ನಿಲ್ಲುತ್ತಿದ್ದದ್ದು ಹೀಗೆಯೇ. ನಾನು ಕೈಹಿಡಿಯಲು ಮುಂದಾದೆ. ದೇಚಮ್ಮ ಕಣ್ಣಿನಲ್ಲೇ ಬೇಡವೆಂದಳು. ಅವರು ಮಗಳ ಭುಜ ಬಿಟ್ಟು, ಕೋಲೂರಿ, ನನ್ನನ್ನೇ ಗುರಿಯಿಟ್ಟು ನೋಡುತ್ತ ಅಂಗಳ ದಾಟಿದರು. ಜಗುಲಿಯ ಮೇಲೆ ಕುಳಿತು ಆಡಿದ ಮೊದಲ ಮಾತು, "ಅಜ್ಜ ಸುಳ್ಳು ಹೇಳುವವರಲ್ಲ."

ಬಿಸಿಲು ಇಳಿದ ಮೇಲೆ ಕೆಲಸ ಶುರುವಾಯಿತು. ತೆಂಗಿನ ನಾರಿನ ಹೊಗೆ ತೋರಿಸಿ, ಗೊಂಚಲು ತೂಗುತ್ತಿದ್ದ ಮುಚ್ಚಳವನ್ನು ಎತ್ತಿ, ಈರುಳ್ಳಿಯ ವಾಸನೆ ಕಳೆದ ಮೇಲಿನ ಕೋಣೆಯನ್ನು ನಡುವೆ ಕೂರಿಸಿ, ಹಾಗೆಯೇ ಮುಚ್ಚಿದೆವು. ಕಾಲಾಳುಗಳ ನಡುವೆ ಇನ್ನೂ ಅರ್ಧ ಹಿಂಡು ಉಳಿದಿತ್ತು. ಬೋಪಯ್ಯನವರು ಕೆಳಗಿನ ಕೋಣೆಯ ಗೋಡೆಗೆ ಕೋಲಿನ ಹಿಡಿಯಿಂದ ಟಕ್ ಟಕ್ ಎಂದು ಬಡಿಯತೊಡಗಿದರು. ಗಿರಿಜೆ ಆ ಬದಿಯಿಂದ ಸೌಟಿನಲ್ಲಿ ತಾಳ ಹಾಕಿದಳು. ನಾನು ಮುಖಕ್ಕೆ ಟವೆಲು ಸುತ್ತಿಕೊಂಡು, ಈ ಪ್ರಯೋಗ ವಿಫಲವಾಗುವುದನ್ನು ದಾಖಲಿಸಲು ಸಾಕಷ್ಟು ದೂರದಲ್ಲಿ ನಿಂತಿದ್ದೆ.

"ಹತ್ತಿರ ಬನ್ನಿ ರುದ್ರಣ್ಣನವರೇ! ಸಂಶಯಕ್ಕೆ ಕಣ್ಣು ಬೇಡವಾ?"

ಒಳಗಿನ ಮೊರೆತ ಬದಲಾಯಿತು. ಬಾಗಿಲಿನಿಂದ ಇಣುಕಿದೆ. ಕತ್ತಲಲ್ಲಿ, ಸಿಪಾಯಿಗಳ ಹೆಗಲು ಪೇಟಗಳನ್ನು ಮೆಟ್ಟಿಲು ಮಾಡಿಕೊಂಡು, ಒಂದರ ಹಿಂದೊಂದು, ಒಂದು ಶಿಸ್ತಿನ ದಂಡಿನಂತೆ, ಜೇನುಹುಳುಗಳು ಮೇಲಕ್ಕೆ ನಡೆಯುತ್ತಿದ್ದವು. ನೋಡನೋಡುತ್ತ ಕೆಳಗೆ ಬರಿದಾಯಿತು. ನಾನು ಟವೆಲು ಬಿಚ್ಚಿದೆ. ಕೇಳಿಬಂದ ಮಾತುಗಳಲ್ಲಿ ಇದೊಂದು ನಿಜವೆಂದು ಬರೆದುಕೊಡಲು ನನಗೆ ಅಭ್ಯಂತರವಿಲ್ಲ. ಹಾಗೆ ಹೇಳಿದೆ. ಬೋಪಯ್ಯನವರು ಮೀಸೆಯ ಮೇಲೆ ಕೈಯಾಡಿಸಿದರು. ಆ ಮೀಸೆ ಅಷ್ಟು ಚೆನ್ನಾಗಿ ತಿರುಗಿದ್ದನ್ನು ನಾನು ಬಹಳ ತಿಂಗಳಿಂದ ಕಂಡಿರಲಿಲ್ಲ.

ಮೇಲಿನ ಕೋಣೆಗೆ ಬೇರೆ ತಳವಿಟ್ಟು ಸೀಬೆಮರದ ಕೆಳಗೆ ನೆಲೆಗೊಳಿಸಿದೆವು. ಜೇನು ಈಗಲೂ ಅಲ್ಲೇ ಸುಖವಾಗಿದೆ. ಬಿಡುಗಡೆಯಾದ ಕಾಲಾಳುಗಳನ್ನು ಎಣಿಸಿ ನೋಡಿದರೆ ಒಬ್ಬನ ಈಟಿಯೂ ಮುರಿದಿರಲಿಲ್ಲ. ಮೈಯೆಲ್ಲ ತೆಳ್ಳಗೆ ಮೇಣ ಮೆತ್ತಿ, ಎಣ್ಣೆಸ್ನಾನ ಮಾಡಿದವರಂತೆ ಹೊಳೆಯುತ್ತಿದ್ದರು. ಬೋಪಯ್ಯನವರು ಒಬ್ಬನನ್ನು ಬೆರಳ ತುದಿಯಲ್ಲಿ ಎತ್ತಿ ಮೂಸಿ ನೋಡಿ, ಊಟದ ಮೇಜಿನ ಕಡೆ ನಡೆದು, ಸೀಮೆಸುಣ್ಣದಲ್ಲಿ ಕಡಂಗದ ಗೆರೆ ಎಳೆದು, ಅವನನ್ನು ಅದರ ಅಂಚಿನಲ್ಲಿ ನಿಲ್ಲಿಸಿದರು. ಆಮೇಲೆ ಇನ್ನೊಬ್ಬನನ್ನು. ಗಿರಿಜೆ ಮೇಜಿನಿಂದ ಉಪ್ಪಿನಕಾಯಿ ಭರಣಿಯನ್ನು ಎತ್ತಿಕೊಂಡು ಹೋದಳು.

ಬೆಳಕು ಇಳಿಯುತ್ತಿತ್ತು. ದೇಚಮ್ಮ ಕಾರಿನ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಳು. "ಅಪ್ಪ, ಹೊರಡುವ. ಕತ್ತಲಾದರೆ ಮಂಜು ಬೀಳ್ತದೆ."

"ನೀನು ಹೋಗು ದೇಚು," ಎಂದರು ಬೋಪಯ್ಯನವರು, ಏಳನೆಯವನನ್ನು ನಿಲ್ಲಿಸಲು ಜಾಗ ಹುಡುಕುತ್ತ. "ನಾನು ನಾಳೆ ಬಸ್ಸಿಗೆ ಬರ್ತೇನೆ."

ಅವಳು ನನ್ನ ಮುಖ ನೋಡಿದಳು. ನಾನು ಅಡಿಪಟ್ಟಿಯನ್ನು ನೋಡಿದೆ.

"ಬಸ್ಸಿಗಾ? ನಾಳೆ ಭಾನುವಾರ, ರಶ್ಶು ಇರ್ತದೆ ಅಪ್ಪ. ಸೀಟು ಸಿಗದಿದ್ದರೆ?"

"ನಿಂತುಕೊಂಡು ಬರ್ತೇನೆ," ಎಂದು ಹೇಳಿ ಅವರು ದಾಳ ಉರುಳಿಸಿದರು.